ಮಕ್ಕಳಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಯಾವ ವಯಸ್ಸಿನಿಂದ ಬೆಳೆಯತೊಡಗುತ್ತದೆ?

ಹುಡುಗನ ತಾಯಿ (ಮೊದಲ ಬರಹ)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 11 ವರ್ಷ. ಕೆಮ್ಮಿಗೆಂದು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಅವರು ಎದೆಯನ್ನು ಪರೀಕ್ಷಿಸಿದ ಮೇಲೆ ಅವನ ಕಾಲರನ್ನು ಸ್ವಲ್ಪ ಸರಿಸಿ ಕುತ್ತಿಗೆಯ ಹಿಂಭಾಗವನ್ನು ನೋಡಿದರು, ಸೊಂಟಕ್ಕೆ ಟೇಪು ಹಿಡಿದರು, ರಕ್ತಪರೀಕ್ಷೆಗೆ ಬರೆದುಕೊಟ್ಟರು. ವರದಿ ನಿನ್ನೆ ಬಂತು. ಎತ್ತರ 146 ಸೆಂಟಿಮೀಟರ್, ಸೊಂಟದ ಸುತ್ತಳತೆ 82 (ಅವನ ವಯಸ್ಸಿಗೆ 90ನೇ ಪರ್ಸೆಂಟೈಲಿಗಿಂತ ಮೇಲೆ, ಅಂದರೆ ಅದೇ ವಯಸ್ಸಿನ ನೂರರಲ್ಲಿ 90 ಮಕ್ಕಳಿಗಿಂತ ಹೆಚ್ಚು, ಎಂದರು), ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 162, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 37, ಸಕ್ಕರೆ 94, ರಕ್ತದೊತ್ತಡ 118/74. "ಮೆಟಬಾಲಿಕ್ ಸಿಂಡ್ರೋಮ್‌ನ ಮಾನದಂಡಕ್ಕೆ ಹೊಂದುತ್ತದೆ" (ಹೊಟ್ಟೆಯ ಬೊಜ್ಜಿನ ಜೊತೆಗೆ ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಇವುಗಳಲ್ಲಿ ಕೆಲವು ಒಟ್ಟಿಗೆ ಹದಗೆಡುವ ಸ್ಥಿತಿಯಂತೆ) ಎಂದು ಅವರು ಹೇಳಿದಾಗ ದೊಡ್ಡವರ ಕಾಯಿಲೆಯ ಹೆಸರೊಂದನ್ನು ನನ್ನ ಮಗುವಿಗೆ ತಂದು ಅಂಟಿಸಿದಂತಾಯಿತು.

ಮನೆಯ ಹಿರಿಯರು "ಎತ್ತರ ಬೆಳೆದರೆ ಎಲ್ಲ ಇಳಿದುಹೋಗುತ್ತದೆ" ಎನ್ನುತ್ತಿದ್ದಾರೆ. ಇದು ರಾತ್ರಿ ಬೆಳಗಾಗುವುದರೊಳಗೆ ಬಂದದ್ದಲ್ಲ ಎಂಬುದು ನನಗೂ ತಿಳಿಯುತ್ತದೆ. ಹಾಗಾದರೆ ಇದು ಎಂದು ಆರಂಭವಾಯಿತು, ಯಾವುದರ ಹಿಂದೆ ಯಾವುದು ಬಂತು, ಇನ್ನು ಮುಂದೆ ಎತ್ತ ಸಾಗುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಪ್ರಯೋಗಾಲಯ ತಂತ್ರಜ್ಞ

ಮೇಡಂ, ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ರಕ್ತ ಕೊಡುವ ಮುನ್ನ ಅವನು ಕನಿಷ್ಠ 8 ಗಂಟೆ ಏನನ್ನೂ ತಿಂದಿರಲಿಲ್ಲವೇ? ಊಟದ ನಂತರ ಟ್ರೈಗ್ಲಿಸರೈಡ್ ಗಂಟೆಗಟ್ಟಲೆ ಏರಿಯೇ ಇರುತ್ತದೆ. ಮಕ್ಕಳು ಕಾಯುವ ಸಾಲಿನಲ್ಲಿ ಹಸಿವೆಂದು ಒಂದು ಸಿಹಿ ಪಾನೀಯ ಕುಡಿದುಬಿಟ್ಟಿರುತ್ತಾರೆ, ನಾವು ಕೇಳಿದಾಗ ತಲೆ ತಗ್ಗಿಸುತ್ತಾರೆ. ಅಂತಹ ಮಾದರಿಯ ಮೇಲೆ ಯಾವ ತೀರ್ಮಾನವನ್ನೂ ಮಾಡಬಾರದು.

ಹುಡುಗನ ತಾಯಿ

ರಾತ್ರಿ ಎಂಟಕ್ಕೆ ಊಟ ಮಾಡಿದವನು ಬೆಳಿಗ್ಗೆ ಏಳೂವರೆಗೆ ರಕ್ತ ಕೊಟ್ಟ. ನಡುವೆ ನೀರು ಬಿಟ್ಟು ಬೇರೇನೂ ಇಲ್ಲ, ನಾನು ಜೊತೆಯಲ್ಲೇ ಇದ್ದೆ.

ಮಕ್ಕಳ ಡಾಕ್ಟರ್

ಹಾಗಿದ್ದರೆ ನಿಮ್ಮ ಡಾಕ್ಟರು ಬಳಸಿದ್ದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು 2007ರಲ್ಲಿ ಮಕ್ಕಳಿಗೆಂದು ಪ್ರಕಟಿಸಿದ ಮಾನದಂಡ. 10ರಿಂದ 16 ವರ್ಷದೊಳಗಿನವರಲ್ಲಿ ಸೊಂಟದ ಸುತ್ತಳತೆ 90ನೇ ಪರ್ಸೆಂಟೈಲನ್ನು ಮುಟ್ಟಿರಬೇಕು, ಅದರ ಜೊತೆಗೆ ಈ ನಾಲ್ಕರಲ್ಲಿ ಎರಡಾದರೂ ಇರಬೇಕು: ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ 40ಕ್ಕಿಂತ ಕಡಿಮೆ, ರಕ್ತದೊತ್ತಡ ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಿರುವುದು, ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು. ನಿಮ್ಮ ಮಗನಲ್ಲಿ ಮೊದಲಿನ ಎರಡಿವೆ. 6ರಿಂದ 10 ವರ್ಷದೊಳಗಿನವರಿಗೆ ಈ ಹೆಸರನ್ನು ಕೊಡಬಾರದೆಂದೂ, ಹೊಟ್ಟೆಯ ಬೊಜ್ಜಿದ್ದು ಕುಟುಂಬದಲ್ಲಿ ಮಧುಮೇಹ ಅಥವಾ ಹೃದ್ರೋಗವಿದ್ದರೆ ಹೆಚ್ಚಿನ ಪರೀಕ್ಷೆ ಮಾಡಿ ಗಮನಿಸಬೇಕೆಂದೂ ಅದೇ ಮಾನದಂಡ ಹೇಳುತ್ತದೆ.

ಆದರೆ ಹೆಸರು 10 ವರ್ಷಕ್ಕೆ ಸಿಗುತ್ತದೆ ಎಂದ ಮಾತ್ರಕ್ಕೆ ಪ್ರಕ್ರಿಯೆಯೂ 10 ವರ್ಷಕ್ಕೆ ಆರಂಭವಾಗುತ್ತದೆ ಎಂದಲ್ಲ. ಅವನ ಹುಟ್ಟಿದ ತೂಕ ಎಷ್ಟಿತ್ತು? ಚಿಕ್ಕಂದಿನ ಎತ್ತರ ಮತ್ತು ತೂಕ ಬರೆದಿಟ್ಟ ಕಾರ್ಡು ಇದೆಯೇ?

ಅಂಕಿಸಂಖ್ಯೆ

ಈ ಹೆಸರಿನ ಬಗ್ಗೆಯೇ ನನ್ನ ತಕರಾರಿದೆ. ಹದಿಹರೆಯದವರಿಗೆ ಒಮ್ಮೆ ಈ ರೋಗನಿರ್ಣಯ ಕೊಟ್ಟು ಸುಮಾರು ಮೂರು ವರ್ಷಗಳ ನಂತರ ಮತ್ತೆ ಅಳೆದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಅದು ಇರಲೇ ಇಲ್ಲ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು, ಮತ್ತು ಮೊದಲ ಬಾರಿ ಇಲ್ಲದಿದ್ದ ಕೆಲವರಲ್ಲಿ ಹೊಸದಾಗಿ ಕಾಣಿಸಿಕೊಂಡಿತ್ತು. ಟ್ರೈಗ್ಲಿಸರೈಡ್ 149 ಇದ್ದ ಮಗು ಆರೋಗ್ಯವಂತ, 150 ಇದ್ದ ಮಗು ರೋಗಿ ಎಂದರೆ ಅದರಲ್ಲಿ ಯಾವ ಅರ್ಥವಿದೆ? ಹೌದು ಅಥವಾ ಇಲ್ಲ ಎಂಬ ಉತ್ತರ ಇಲ್ಲಿ ತಾಯಂದಿರನ್ನು ಹೆದರಿಸುವುದಕ್ಕಷ್ಟೇ ಉಪಯೋಗಕ್ಕೆ ಬರುತ್ತದೆ.

ಮಕ್ಕಳ ಡಾಕ್ಟರ್

ಅರ್ಧ ಮಾತನ್ನು ಒಪ್ಪುತ್ತೇನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2017ರಲ್ಲಿ ಇದನ್ನೇ ಹೇಳಿತು: ಮಕ್ಕಳಲ್ಲಿ ವ್ಯಾಖ್ಯೆಯ ಹಿಂದೆ ಹೋಗುವುದಕ್ಕಿಂತ ಅಪಾಯಕಾರಿ ಅಂಶಗಳು ಹೇಗೆ ಗುಂಪುಗೂಡುತ್ತಿವೆ ಎಂಬುದನ್ನು ನೋಡಿ, ಪ್ರತಿಯೊಂದಕ್ಕೂ ಚಿಕಿತ್ಸೆ ಕೊಡಿ ಎಂದು. ಒಪ್ಪದ ಅರ್ಧ ಯಾವುದೆಂದರೆ, ಹೆಸರು ಅಳಿಸಿಹೋದ ಮಾತ್ರಕ್ಕೆ ಆ ಮಗು ಸರಿಹೋಯಿತು ಎಂದು ತಿಳಿಯುವುದು. 152 ಇದ್ದದ್ದು 146ಕ್ಕೆ ಇಳಿದರೆ ಹೆಸರು ಹೋಗುತ್ತದೆ, ಶರೀರದೊಳಗಿನ ಸ್ಥಿತಿ ಬದಲಾಗಿರುವುದಿಲ್ಲ.

ಓದುಗ

ಕುತ್ತಿಗೆಯನ್ನು ಏಕೆ ನೋಡಿದರು ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ.

ಶರೀರಕ್ರಿಯೆ ಬೋಧಕಿ

ಕುತ್ತಿಗೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಒಳಗೆ ನಡೆಯುವುದು ಹೊರಗಿನಿಂದ ಕಣ್ಣಿಗೆ ಬೀಳುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ, ಮಖಮಲ್ಲಿನಂತೆ ಮೆತ್ತಗಾಗಿ, ಕಪ್ಪಾಗುವುದನ್ನು ಅಕಾಂಥೋಸಿಸ್ ನೈಗ್ರಿಕಾನ್ಸ್ ಎನ್ನುತ್ತಾರೆ. ರಕ್ತದಲ್ಲಿ ಇನ್ಸುಲಿನ್ ಬಹುಕಾಲ ಹೆಚ್ಚಾಗಿದ್ದರೆ ಅದು ಚರ್ಮದ ಕೋಶಗಳ ಮೇಲಿರುವ, ಬೆಳವಣಿಗೆಗೆ ಸಂಬಂಧಿಸಿದ ಗ್ರಾಹಕಗಳನ್ನೂ ಪ್ರಚೋದಿಸಿ ಆ ಕೋಶಗಳು ಅತಿಯಾಗಿ ವೃದ್ಧಿಯಾಗುವಂತೆ ಮಾಡುತ್ತದೆ. ಅದು ಕೊಳೆಯಲ್ಲ, ಬಿಸಿಲಿನ ಕಲೆಯೂ ಅಲ್ಲ.

ಇನ್ನು ಕ್ರಮದ ವಿಷಯ. ಚರ್ಮದಡಿಯ ಕೊಬ್ಬಿನ ಕೋಶಗಳು ಹೆಚ್ಚುವರಿ ಶಕ್ತಿಯನ್ನು ಸುರಕ್ಷಿತವಾಗಿ ಕೂಡಿಡುವ ಜಾಗ. ಅವುಗಳ ಸಾಮರ್ಥ್ಯಕ್ಕೂ ಒಂದು ಮಿತಿಯಿದೆ, ಮತ್ತು ಆ ಮಿತಿ ಎಲ್ಲರಲ್ಲೂ ಒಂದೇ ಅಲ್ಲ. ಅದು ತುಂಬಿದ ಮೇಲೆ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಶೇಖರವಾಗತೊಡಗುತ್ತದೆ. ಸ್ನಾಯು ಮತ್ತು ಯಕೃತ್ತು ಆಗ ಇನ್ಸುಲಿನ್‌ನ ಮಾತನ್ನು ಸರಿಯಾಗಿ ಕೇಳುವುದಿಲ್ಲ; ಮೇದೋಜೀರಕ ಗ್ರಂಥಿ ಅದನ್ನು ಸರಿದೂಗಿಸಲು ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಇಲ್ಲೊಂದು ವೈಚಿತ್ರ್ಯವಿದೆ. ಸಕ್ಕರೆ ತಯಾರಿಸುವುದನ್ನು ನಿಲ್ಲಿಸು ಎಂಬ ಇನ್ಸುಲಿನ್‌ನ ಆಜ್ಞೆಗೆ ಯಕೃತ್ತು ಕಿವುಡಾದರೂ, ಕೊಬ್ಬು ತಯಾರಿಸು ಎಂಬ ಆಜ್ಞೆಯನ್ನು ಪಾಲಿಸುತ್ತಲೇ ಇರುತ್ತದೆ. ಆದ್ದರಿಂದ ಟ್ರೈಗ್ಲಿಸರೈಡ್ ತುಂಬಿದ ಕಣಗಳು ರಕ್ತಕ್ಕೆ ಹೆಚ್ಚು ಬರುತ್ತವೆ, ಅವು ಎಚ್‌ಡಿಎಲ್ ಕಣಗಳೊಡನೆ ಕೊಬ್ಬನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಹಾಗೆ ಬದಲಾದ ಎಚ್‌ಡಿಎಲ್ ಬೇಗ ನಾಶವಾಗುತ್ತದೆ. ನಿಮ್ಮ ಮಗನ ವರದಿಯ 162 ಮತ್ತು 37 ಒಂದೇ ಮೂಲದಿಂದ ಬಂದ ಎರಡು ಅಂಕಿಗಳು. ಇನ್ಸುಲಿನ್ ಹೆಚ್ಚಾದಾಗ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದರಿಂದಲೂ ಶರೀರವನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಮಂಡಲ ಚುರುಕಾಗುವುದರಿಂದಲೂ ರಕ್ತದೊತ್ತಡ ನಿಧಾನವಾಗಿ ಮೇಲಕ್ಕೆ ಸರಿಯುತ್ತದೆ. ಸಕ್ಕರೆ ಏರುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ, ಗ್ರಂಥಿ ದಣಿದ ಮೇಲೆ. ಆದ್ದರಿಂದ 94 ಎಂಬ ಅಂಕಿಯನ್ನು ನೋಡಿ ಏನೂ ಆಗಿಲ್ಲವೆಂದು ಸಮಾಧಾನಪಟ್ಟುಕೊಳ್ಳಬೇಡಿ; ಆ 94ನ್ನು ಅಲ್ಲಿ ನಿಲ್ಲಿಸಲು ಎಷ್ಟು ಇನ್ಸುಲಿನ್ ಖರ್ಚಾಗುತ್ತಿದೆ ಎಂಬುದು ಈ ವರದಿಯಲ್ಲಿಲ್ಲ.

ಹುಡುಗನ ತಾಯಿ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಎರಡು ವರ್ಷದಿಂದ ಪ್ರತಿ ಭಾನುವಾರ ಸ್ನಾನ ಮಾಡಿಸುವಾಗ ಅವನ ಕುತ್ತಿಗೆಯನ್ನು ನಾರಿನಿಂದ ತಿಕ್ಕಿದ್ದೇನೆ. ಅವನು ಹೆಗಲನ್ನು ಕಿವಿಯವರೆಗೂ ಎತ್ತಿಕೊಂಡು "ಅಮ್ಮಾ ಉರಿಯುತ್ತೆ" ಎನ್ನುತ್ತಿದ್ದ, ನಾನು "ನೀನೇ ಸರಿಯಾಗಿ ತೊಳೆದುಕೊಂಡಿದ್ದರೆ ನಾನೇಕೆ ತಿಕ್ಕುತ್ತಿದ್ದೆ" ಎನ್ನುತ್ತಿದ್ದೆ. ಇಂದು ಸಂಜೆ ಅವನಲ್ಲಿ ಕ್ಷಮೆ ಕೇಳಿದೆ.

ಕಾರ್ಡು ಸಿಕ್ಕಿತು. ಹುಟ್ಟಿದ ತೂಕ 2.4 ಕಿಲೋ. ಎತ್ತರ, ತೂಕ ಎರಡನ್ನೂ ಬರೆದಿರುವ ಕಡೆಗಳಲ್ಲೆಲ್ಲ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಲೆಕ್ಕ ಹಾಕಿದೆ: 2 ವರ್ಷಕ್ಕೆ 15.6, 3 ವರ್ಷಕ್ಕೆ 15.2, 4ಕ್ಕೆ 15.9, 5ಕ್ಕೆ 17.1, 7ಕ್ಕೆ 19.4, 9ಕ್ಕೆ 22. ಈಗ 25.1.

ಮಕ್ಕಳ ಡಾಕ್ಟರ್

ನೀವು ಕೇಳಿದ ಪ್ರಶ್ನೆಗೆ ಉತ್ತರ ಈ ಸಾಲಿನಲ್ಲೇ ಇದೆ ಮೇಡಂ. ಮಕ್ಕಳ ಬಿಎಂಐ ಮೊದಲ ವರ್ಷದ ಹೊತ್ತಿಗೆ ಏರಿ, ನಂತರ ಇಳಿಯುತ್ತಾ ಹೋಗಿ, ಸಾಮಾನ್ಯವಾಗಿ 5ರಿಂದ 7 ವರ್ಷದ ನಡುವೆ ತಳ ಮುಟ್ಟಿ ಮತ್ತೆ ಏರತೊಡಗುತ್ತದೆ. ಈ ತಿರುವಿಗೆ ಅಡಿಪಾಸಿಟಿ ರಿಬೌಂಡ್ ಎನ್ನುತ್ತಾರೆ. ಫ್ರಾನ್ಸಿನ ಸಂಶೋಧಕರು 1984ರಲ್ಲಿ ಇದನ್ನು ವಿವರಿಸಿದರು. ಈ ತಿರುವು 5 ವರ್ಷಕ್ಕಿಂತ ಮೊದಲೇ ಬಂದರೆ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು. ನಿಮ್ಮ ಮಗನಲ್ಲಿ ಅದು 3 ವರ್ಷಕ್ಕೇ ಬಂದಿದೆ.

ಜರ್ಮನಿಯಲ್ಲಿ 51,000ಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆಯ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ವಯಸ್ಸಿನತ್ತ ಬೆರಳು ತೋರುತ್ತದೆ. ಬೊಜ್ಜಿದ್ದ ಹದಿಹರೆಯದವರಲ್ಲಿ ಬಿಎಂಐ ಅತಿ ವೇಗವಾಗಿ ಏರಿದ್ದು 2ರಿಂದ 6 ವರ್ಷದ ನಡುವೆ. 3 ವರ್ಷಕ್ಕೇ ಬೊಜ್ಜಿದ್ದ ಮಕ್ಕಳಲ್ಲಿ ಶೇಕಡಾ 90ರಷ್ಟು ಮಂದಿ ಹದಿಹರೆಯದಲ್ಲೂ ಅಧಿಕ ತೂಕ ಅಥವಾ ಬೊಜ್ಜನ್ನು ಹೊಂದಿದ್ದರು.

ಹುಡುಗನ ತಾಯಿ

4 ವರ್ಷದ ಹೊತ್ತಿಗೆ "ಈಗ ಮೈಕೈ ತುಂಬಿಕೊಂಡ" ಎಂದು ಎಲ್ಲರೂ ಸಂತೋಷಪಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನೂ ಪಟ್ಟಿದ್ದೆ. ಹುಟ್ಟುವಾಗ ಅಷ್ಟು ಸಣ್ಣಗಿದ್ದ ಮಗು.

ನೇರನುಡಿ

ಕ್ಷಮಿಸಿ, ಆದರೆ ಇಷ್ಟು ಸುತ್ತುಬಳಸಿ ಮಾತನಾಡುವ ಅಗತ್ಯವಿಲ್ಲ. ಮಗು ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂಬುದು ತಂದೆತಾಯಿಯರ ಕೈಯಲ್ಲಿರುತ್ತದೆ. ಮನೆಯ ಶಿಸ್ತಿನ ಕೊರತೆಗೆ ಲ್ಯಾಟಿನ್ ಹೆಸರುಗಳನ್ನು ಕೊಡಬೇಡಿ.

ಶರೀರಕ್ರಿಯೆ ಬೋಧಕಿ

ನಿಮ್ಮ ಮಾತು ತಪ್ಪು, ಮತ್ತು ಇಂತಹ ಮಾತಿಗೆ ಹೆದರಿಯೇ ಅನೇಕ ತಾಯಂದಿರು ಮಕ್ಕಳನ್ನು ಮತ್ತೆ ಡಾಕ್ಟರ ಬಳಿಗೆ ಕರೆದೊಯ್ಯುವುದಿಲ್ಲ. ಅಮೆರಿಕದ ಪೀಮಾ ಬುಡಕಟ್ಟಿನ ಕುಟುಂಬಗಳಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿ ನೋಡಿದ್ದಾರೆ. ತಾಯಿಗೆ ಮಧುಮೇಹ ಬರುವ ಮೊದಲು ಹುಟ್ಟಿದ ಮಗುವಿಗಿಂತ, ಬಂದ ನಂತರ ಹುಟ್ಟಿದ ಮಗುವಿನಲ್ಲಿ ಬಿಎಂಐ ಮತ್ತು ಮಧುಮೇಹದ ಅಪಾಯ ಎರಡೂ ಹೆಚ್ಚಾಗಿದ್ದವು. ಅದೇ ತಾಯಿ, ಅದೇ ತಂದೆ, ಅದೇ ಮನೆ. ವ್ಯತ್ಯಾಸವಿದ್ದದ್ದು ಗರ್ಭದೊಳಗೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ದೆಹಲಿಯಲ್ಲಿ ಹುಟ್ಟಿದಂದಿನಿಂದ ನಿಯಮಿತವಾಗಿ ಅಳೆಯುತ್ತಾ ಬಂದ ಸುಮಾರು 1,500 ಮಂದಿಯನ್ನು 26ರಿಂದ 32 ವರ್ಷ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆಯ ತೊಂದರೆ ಕಾಣಿಸಿಕೊಂಡವರು ಎರಡನೆಯ ವರ್ಷದವರೆಗೆ ಉಳಿದವರಿಗಿಂತ ತೆಳ್ಳಗಿದ್ದರು. ಆಮೇಲೆ ಅವರ ಬಿಎಂಐ ಉಳಿದವರಿಗಿಂತ ಬೇಗ ತಿರುವು ಪಡೆದು 12 ವರ್ಷದವರೆಗೆ ಏರುತ್ತಾ ಹೋಗಿತ್ತು. ಗಮನಿಸಿ, ಅವರಲ್ಲಿ ಹೆಚ್ಚಿನವರು 12 ವರ್ಷಕ್ಕೂ ಬೊಜ್ಜಿನ ಮಕ್ಕಳೇನೂ ಆಗಿರಲಿಲ್ಲ. ಮಗು ಎಷ್ಟು ದಪ್ಪಗಿದೆ ಎಂಬುದಕ್ಕಿಂತ, ತನ್ನದೇ ಹಳೆಯ ಗೆರೆಯನ್ನು ಬಿಟ್ಟು ಎಷ್ಟು ವೇಗವಾಗಿ ಮೇಲಕ್ಕೆ ದಾಟಿತು ಎಂಬುದು ಹೆಚ್ಚು ಹೇಳುತ್ತದೆ. 2.4 ಕಿಲೋ ತೂಕದಲ್ಲಿ ಹುಟ್ಟಿ 3 ವರ್ಷಕ್ಕೆ ತಿರುವು ಪಡೆದ ಈ ಮಗುವಿನ ದಾರಿ ಅದಕ್ಕೆ ಬಹಳ ಹತ್ತಿರದ್ದು. ಸಣ್ಣಗೆ ಹುಟ್ಟಿದ ಮಗುವಿಗೆ ತುತ್ತು ಹೆಚ್ಚು ಉಣಿಸಿದ ತಾಯಿಯನ್ನು ಶಿಸ್ತಿಲ್ಲದವಳು ಎನ್ನಲು ನಿಮಗೆ ಯಾವ ಆಧಾರವಿದೆ?

ನೇರನುಡಿ

ಗರ್ಭದ ವಿಷಯ ನನಗೆ ತಿಳಿದಿರಲಿಲ್ಲ. ತಾಯಿಯವರಲ್ಲಿ ಕ್ಷಮೆ ಕೇಳುತ್ತೇನೆ. ಆದರೂ ಆಹಾರದ ಪಾತ್ರವನ್ನು ಯಾರೂ ಅಲ್ಲಗಳೆಯಲಾರರು ಎಂದುಕೊಂಡಿದ್ದೇನೆ.

ಶರೀರಕ್ರಿಯೆ ಬೋಧಕಿ

ಅಲ್ಲಗಳೆಯುತ್ತಿಲ್ಲ. ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದ 11ರಿಂದ 16 ವರ್ಷದ 40 ಹುಡುಗರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆರೆಸಿದ ಸಕ್ಕರೆಯನ್ನು ಬಹುತೇಕ ತೆಗೆದುಹಾಕಿದ ಆಹಾರವನ್ನು 8 ವಾರ ಕೊಟ್ಟಾಗ ಯಕೃತ್ತಿನ ಕೊಬ್ಬು ಸರಾಸರಿ ಶೇಕಡಾ 25ರಿಂದ 17ಕ್ಕೆ ಇಳಿಯಿತು. ಎಂದಿನ ಆಹಾರದಲ್ಲಿದ್ದವರಲ್ಲಿ 21ರಿಂದ 20ಕ್ಕೆ ಮಾತ್ರ. ಆ ಮಕ್ಕಳಿಗೆ ಮಾತ್ರ ಬೇರೆ ಅಡುಗೆ ಮಾಡಲಿಲ್ಲ, ಇಡೀ ಮನೆಯ ಆಹಾರವನ್ನೇ ಬದಲಿಸಿದ್ದರು ಎಂಬುದು ನನಗೆ ಅಂಕಿಗಳಷ್ಟೇ ಮುಖ್ಯವೆನಿಸುತ್ತದೆ.

ಓದುಗ

ಎತ್ತರ ಬೆಳೆದರೆ ಇಳಿದುಹೋಗುತ್ತದೆ ಎಂಬ ಹಿರಿಯರ ಮಾತಿನಲ್ಲಿ ಸ್ವಲ್ಪವಾದರೂ ಸತ್ಯವಿದೆಯೇ?

ಮಕ್ಕಳ ಡಾಕ್ಟರ್

ಸ್ವಲ್ಪ ಇದೆ, ಆದ್ದರಿಂದಲೇ ಅದು ದಾರಿ ತಪ್ಪಿಸುತ್ತದೆ. ಪ್ರೌಢಾವಸ್ಥೆ ಆರಂಭವಾದಾಗ ಬೆಳವಣಿಗೆಯ ಹಾರ್ಮೋನು ಹೆಚ್ಚುವುದರಿಂದ ಎಲ್ಲ ಮಕ್ಕಳಲ್ಲೂ, ತೆಳ್ಳಗಿರುವವರಲ್ಲೂ, ಇನ್ಸುಲಿನ್‌ಗೆ ಸ್ಪಂದಿಸುವ ಶಕ್ತಿ ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ, ಪ್ರೌಢಾವಸ್ಥೆ ಮುಗಿಯುವ ಹೊತ್ತಿಗೆ ಬಹುಪಾಲು ಮರಳಿ ಬರುತ್ತದೆ. ಆರೋಗ್ಯವಂತ ಮಗುವಿನ ಗ್ರಂಥಿ ಈ ಕೆಲವು ವರ್ಷಗಳ ಹೊರೆಯನ್ನು ಹೊತ್ತುಕೊಳ್ಳುತ್ತದೆ. ಮೊದಲೇ ಇನ್ಸುಲಿನ್ ಪ್ರತಿರೋಧವಿರುವ (ಇನ್ಸುಲಿನ್ ಮಾತನ್ನು ಶರೀರ ಸರಿಯಾಗಿ ಕೇಳದ) ಮಗುವಿನಲ್ಲಿ ಹೊರೆಯ ಮೇಲೆ ಹೊರೆ ಬೀಳುತ್ತದೆ, ಬೊಜ್ಜು ಉಳಿದರೆ ಆ ಚೇತರಿಕೆಯೂ ಪೂರ್ತಿಯಾಗುವುದಿಲ್ಲ. ಮಕ್ಕಳಲ್ಲಿ ಎರಡನೆಯ ಬಗೆಯ ಮಧುಮೇಹ ಹೆಚ್ಚಾಗಿ ಈ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಅಂಕಿಸಂಖ್ಯೆಯವರು ಹೇಳಿದ ಬಂದುಹೋಗುವ ರೋಗನಿರ್ಣಯದ ಒಂದು ಪಾಲೂ ಇದರಿಂದಲೇ ಬರುತ್ತದೆ.

ಅಂಕಿಸಂಖ್ಯೆ

ಅದನ್ನು ಒಪ್ಪುತ್ತೇನೆ. ಇನ್ನೂ ಎರಡು ಅಂಕಿಗಳನ್ನು ಇಲ್ಲಿ ಇಡಬೇಕು. 2016ರಲ್ಲಿ ಹಲವು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೊಜ್ಜಿರುವ ಮಕ್ಕಳಲ್ಲಿ ಸುಮಾರು ಶೇಕಡಾ 55 ಮಂದಿ ಹದಿಹರೆಯದಲ್ಲೂ, ಬೊಜ್ಜಿರುವ ಹದಿಹರೆಯದವರಲ್ಲಿ ಸುಮಾರು ಶೇಕಡಾ 80 ಮಂದಿ ವಯಸ್ಕರಾದ ಮೇಲೂ ಹಾಗೆಯೇ ಉಳಿದಿದ್ದರು. ಅಂದರೆ ತಡವಾದಷ್ಟೂ ಹಿಂತಿರುಗುವ ದಾರಿ ಕಿರಿದಾಗುತ್ತದೆ. ಆದರೆ ಅದೇ ಲೆಕ್ಕದಲ್ಲಿ, ಬೊಜ್ಜಿರುವ ವಯಸ್ಕರಲ್ಲಿ ಸುಮಾರು ಶೇಕಡಾ 70 ಮಂದಿಗೆ ಬಾಲ್ಯದಲ್ಲಾಗಲಿ ಹದಿಹರೆಯದಲ್ಲಾಗಲಿ ಬೊಜ್ಜು ಇರಲಿಲ್ಲ. ದಪ್ಪಗಿರುವ ಮಕ್ಕಳನ್ನು ಮಾತ್ರ ಸಾಲಿನಲ್ಲಿ ನಿಲ್ಲಿಸಿ ಅಳೆದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಇಪ್ಪತ್ತೆರಡರವಳು

ನಾನು ಆ ಸಾಲಿನಲ್ಲಿ ನಿಂತವಳು. 13ನೆಯ ವಯಸ್ಸಿನಲ್ಲಿ ನನ್ನ ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು, ಗದ್ದದ ಮೇಲೆ ಕೂದಲು ಮೂಡುತ್ತಿತ್ತು. ಎಲ್ಲರೂ ವಯಸ್ಸಿನ ಬದಲಾವಣೆ ಎಂದರು. ಇನ್ಸುಲಿನ್ ಹೆಚ್ಚಾದಾಗ ಅಂಡಾಶಯ ಗಂಡು ಹಾರ್ಮೋನುಗಳನ್ನು ಹೆಚ್ಚು ತಯಾರಿಸುತ್ತದೆ ಎಂದು 17ನೆಯ ವಯಸ್ಸಿನಲ್ಲಿ ಒಬ್ಬ ಡಾಕ್ಟರು ಚಿತ್ರ ಬರೆದು ವಿವರಿಸುವವರೆಗೆ, ಸೊಂಟಕ್ಕೂ ಮುಟ್ಟಿಗೂ ಸಂಬಂಧವಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳ ವರದಿಯಲ್ಲಿ ಆ ಐದು ಅಂಕಿಗಳ ಪಕ್ಕದಲ್ಲಿ ಮುಟ್ಟಿನ ವಿಚಾರವನ್ನೂ ಬರೆದುಕೊಳ್ಳಬೇಕು.

ಇನ್ನೊಂದು ಮಾತು. ಶಾಲೆಯಲ್ಲಿ ಎಲ್ಲರೆದುರು ತೂಕ ಓದಿ ಹೇಳಿದ ದಿನದಿಂದ ನಾನು ಆಟದ ಅವಧಿಗೆ ಹೋಗುವುದನ್ನೇ ಬಿಟ್ಟೆ. ಆ ವರ್ಷ ನನ್ನ ತೂಕ ಹೆಚ್ಚಿತು. ಮಗನ ಅಂಕಿಗಳನ್ನು ದಯವಿಟ್ಟು ನೆಂಟರ ಮುಂದೆ ಹೇಳಬೇಡಿ.

ದೈಹಿಕ ಶಿಕ್ಷಕ

ಈ ತಪ್ಪನ್ನು ನಾನೂ ಮಾಡಿದ್ದೇನೆ, ಈಗ ಮಾಡುವುದಿಲ್ಲ. ದಪ್ಪಗಿರುವ ಮಗುವನ್ನು ಓಟದಲ್ಲಿ ನಿಲ್ಲಿಸಿದರೆ ಅದು ಕೊನೆಯವನಾಗಿ ಬರುವುದನ್ನಷ್ಟೇ ಕಲಿಯುತ್ತದೆ. ಎಳೆಯುವ, ನೂಕುವ, ಎತ್ತುವ ಆಟಗಳಲ್ಲಿ ಅದೇ ಮಗು ಮುಂದಿರುತ್ತದೆ, ಮರುದಿನವೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆಯನ್ನು ಹೇಳುತ್ತದೆ. ತೂಕ ಇಳಿಯದಿದ್ದರೆ ಇದರಿಂದ ಪ್ರಯೋಜನವೇನು ಎಂದು ಪೋಷಕರು ಕೇಳುತ್ತಾರೆ.

ಶರೀರಕ್ರಿಯೆ ಬೋಧಕಿ

ಪ್ರಯೋಜನವಿದೆ. ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ತೂಕದ ಯಂತ್ರದ ಮುಳ್ಳು ಅಲುಗುವ ಮೊದಲೇ ಇನ್ಸುಲಿನ್‌ಗೆ ಸ್ಪಂದಿಸುವ ಶಕ್ತಿ ಸುಧಾರಿಸಿರುತ್ತದೆ. ನಿದ್ರೆಯನ್ನೂ ಮರೆಯಬೇಡಿ, ಈ ಹುಡುಗ ಜೋರಾಗಿ ಗೊರಕೆ ಹೊಡೆಯುತ್ತಾನೆಯೇ ಎಂದು ಕೇಳಬೇಕಿತ್ತು.

ಹುಡುಗನ ತಾಯಿ

ಹೊಡೆಯುತ್ತಾನೆ. ಅದೂ ಇದರಲ್ಲಿ ಸೇರುತ್ತದೆಯೇ?

ಮಕ್ಕಳ ಡಾಕ್ಟರ್

ಸೇರಬಹುದು. ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೆ ರಕ್ತದೊತ್ತಡ ಮತ್ತು ಇನ್ಸುಲಿನ್ ಪ್ರತಿರೋಧ ಎರಡೂ ಬಿಗಡಾಯಿಸುತ್ತವೆ. ಮುಂದಿನ ಭೇಟಿಯಲ್ಲಿ ನಿಮ್ಮ ಡಾಕ್ಟರಿಗೆ ಇದನ್ನು ಹೇಳಿ, ಯಕೃತ್ತಿನ ಎಎಲ್‌ಟಿ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ರಕ್ತದೊತ್ತಡ ನೋಡುವಾಗ ತೋಳಿಗೆ ಸರಿಯಾದ ಅಳತೆಯ ಪಟ್ಟಿ ಕಟ್ಟಿದ್ದಾರೆಯೇ ಎಂಬುದನ್ನು ಗಮನಿಸಿ. ಸಣ್ಣ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಎತ್ತ ಸಾಗುತ್ತದೆ ಎಂಬ ಪ್ರಶ್ನೆಗೆ ಎರಡು ಕಡೆಯನ್ನೂ ಹೇಳಬೇಕು. ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾ ಊರಿನಲ್ಲಿ ಮಕ್ಕಳ ಹೃದಯದ ಆರೋಗ್ಯವನ್ನು ಗಮನಿಸುವ ಅಧ್ಯಯನ 1973ರಲ್ಲಿ ಶುರುವಾಯಿತು. ಅಪಘಾತ ಮುಂತಾದ ಕಾರಣಗಳಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ 204 ಮಂದಿಯ ರಕ್ತನಾಳಗಳನ್ನು ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದಾಗ, ಬದುಕಿದ್ದಾಗ ಅಪಾಯಕಾರಿ ಅಂಶಗಳು ಎಷ್ಟು ಹೆಚ್ಚು ಗುಂಪುಗೂಡಿದ್ದವೋ ನಾಳಗಳ ಗೋಡೆಯಲ್ಲಿ ಕೊಬ್ಬಿನ ಗೆರೆಗಳು ಅಷ್ಟು ಹೆಚ್ಚು ಕಂಡವು. ಹದಿಹರೆಯದಲ್ಲಿ ಬರುವ ಎರಡನೆಯ ಬಗೆಯ ಮಧುಮೇಹವೂ ದೊಡ್ಡವರದ್ದಕ್ಕಿಂತ ವೇಗವಾಗಿ ಹದಗೆಡುತ್ತದೆ. ಅಮೆರಿಕದಲ್ಲಿ ಹಾಗೆ ಅನುಸರಿಸಿ ನೋಡಿದವರಲ್ಲಿ ರೋಗ ಪತ್ತೆಯಾಗಿ ಸುಮಾರು 13 ವರ್ಷಗಳಾಗುವ ಹೊತ್ತಿಗೆ ಶೇಕಡಾ 60ರಷ್ಟು ಮಂದಿಗೆ ಕಣ್ಣು, ಮೂತ್ರಪಿಂಡ ಅಥವಾ ನರಗಳ ತೊಡಕು ಒಂದಾದರೂ ಬಂದಿತ್ತು.

ಇನ್ನೊಂದು ಕಡೆ, ಬೊಗಲೂಸಾ ಮತ್ತು ಫಿನ್ಲೆಂಡ್ ಸೇರಿದಂತೆ ನಾಲ್ಕು ಅಧ್ಯಯನಗಳ 6,328 ಮಂದಿಯನ್ನು ಸರಾಸರಿ 23 ವರ್ಷ ಅನುಸರಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶವಿದೆ. ಬಾಲ್ಯದಲ್ಲಿ ಅಧಿಕ ತೂಕ ಅಥವಾ ಬೊಜ್ಜಿದ್ದು ವಯಸ್ಕರಾಗುವ ಹೊತ್ತಿಗೆ ಬೊಜ್ಜಿನಿಂದ ಹೊರಬಂದವರಲ್ಲಿ ಮಧುಮೇಹ, ಅಧಿಕ ರಕ್ತದೊತ್ತಡ, ಕೊಬ್ಬಿನ ಏರುಪೇರು, ಕುತ್ತಿಗೆಯ ರಕ್ತನಾಳ ದಪ್ಪಗಾಗುವುದು ಇವೆಲ್ಲದರ ಅಪಾಯವೂ ಎಂದೂ ಬೊಜ್ಜಿಲ್ಲದವರಷ್ಟೇ ಇತ್ತು. ನಿಮ್ಮ ಮಗನಿಗೆ 11 ವರ್ಷ. ಅವನು ತೂಕ ಇಳಿಸಲೇಬೇಕೆಂದಿಲ್ಲ. ಎತ್ತರ ಏರುವ ಮುಂದಿನ ಕೆಲವು ವರ್ಷ ತೂಕ ಇದ್ದಲ್ಲೇ ನಿಂತರೂ ಸೊಂಟ ಮತ್ತು ಎತ್ತರದ ಲೆಕ್ಕ ಬದಲಾಗುತ್ತದೆ. ಹಿರಿಯರ ಮಾತು ನಿಜವಾಗಬೇಕಾದರೆ ಹೀಗೆ ಮಾತ್ರ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು ಎಂಬ ಅಳತೆಯನ್ನು ಮನೆಯಲ್ಲೇ ನೋಡಬಹುದು. ಈಗ ಅವನದು 0.56.

ಹುಡುಗನ ತಾಯಿ

ಟೇಪನ್ನು ಮಂಚದ ಪಕ್ಕದ ಖಾನೆಯಲ್ಲಿಟ್ಟಿದ್ದೇನೆ, ಕನ್ನಡಿಯ ಬಳಿ ಅಲ್ಲ. ತಿಂಗಳಿಗೊಮ್ಮೆ ಸಾಕಲ್ಲವೇ? ಎಎಲ್‌ಟಿ ಮತ್ತು ಗೊರಕೆಯ ವಿಷಯವನ್ನು ಚೀಟಿಯಲ್ಲಿ ಬರೆದುಕೊಂಡೆ.

ಇವನಿಗೊಬ್ಬಳು ತಂಗಿ ಇದ್ದಾಳೆ, ನಾಲ್ಕು ವರ್ಷ. ಅವಳ ಕಾರ್ಡನ್ನೂ ತೆಗೆದು ನೋಡಿದೆ. 2 ವರ್ಷಕ್ಕೆ 16.2, 3ಕ್ಕೆ 15.7, ಕಳೆದ ವಾರ 15.4. ತುಂಬ ಸಣಕಲಾಗಿದ್ದಾಳೆ ಎಂದು ಮನೆಯಲ್ಲಿ ಹಟ ಹಿಡಿದು ಉಣಿಸುತ್ತಿದ್ದಾರೆ.

ಮಕ್ಕಳ ಡಾಕ್ಟರ್

ತಿಂಗಳಿಗೊಮ್ಮೆ ಸಾಕು. ತಂಗಿಯ ಬಿಎಂಐ ಇನ್ನೂ ಇಳಿಯುತ್ತಿದೆ, ಈ ವಯಸ್ಸಿನಲ್ಲಿ ಇಳಿಯಬೇಕಾದದ್ದೇ. ಅವಳು ಸಾಕು ಎಂದಾಗ ತಟ್ಟೆ ತೆಗೆಯಲು ಮನೆಯವರಿಗೆ ಹೇಳಿ, ಮತ್ತು ಆರು ತಿಂಗಳಿಗೊಮ್ಮೆ ಅದೇ ಕಾರ್ಡಿನಲ್ಲಿ ಎತ್ತರ ಮತ್ತು ತೂಕ ಬರೆಯುತ್ತಾ ಹೋಗಿ.